726 ಕಾಗದ ಬರೆದ ಟೀಚರಮ್ಮ



ಡಿಸೆಂಬರ್ 6 ಕಳೆದು ಒಂಬತ್ತು ದಿನ ಆಯ್ತು. ಬಾಬಾಸಾಹೇಬರ ಫೋಟೋಗೆ ಹಾಕಿದ ಹಾರ ಒಣಗಿದೆ. ನಮ್ಮ ಪ್ರೊಫೈಲುಗಳಲ್ಲಿ ಮತ್ತೆ ನಮ್ಮ ಮುಖಗಳೇ ಬಂದು ಕೂತಿವೆ. ಇವತ್ತು ಡಿಸೆಂಬರ್ 15. 1987ರಲ್ಲಿ ಇದೇ ದಿನ ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ ಒಬ್ಬ ಕಪ್ಪು ಶಾಲಾ ಶಿಕ್ಷಕಿ ತೀರಿಕೊಂಡರು. ಹೆಸರು ಸೆಪ್ಟಿಮಾ ಪಾಯಿನ್‌ಸೆಟ್ ಕ್ಲಾರ್ಕ್. ಆಗ ಅವರಿಗೆ 89 ವರ್ಷ.

ಅವರ ಹೋರಾಟಕ್ಕೂ ನಮ್ಮ ಹೋರಾಟಕ್ಕೂ ನೆಂಟಸ್ತಿಕೆ ಹಳೇದು. ಜ್ಯೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನ ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. 1946ರಲ್ಲಿ ಬಾಬಾಸಾಹೇಬರು ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. 1972ರ ದಲಿತ ಪ್ಯಾಂಥರ್ಸ್ ಹೆಸರೇ ಬ್ಲ್ಯಾಕ್ ಪ್ಯಾಂಥರ್ಸ್ ಕಡೆಯಿಂದ ಬಂದದ್ದು. ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಂ ಎಕ್ಸ್, ರೋಸಾ ಪಾರ್ಕ್ಸ್ ಹೆಸರುಗಳು ನಮ್ಮ ವೇದಿಕೆಗಳಲ್ಲಿ ಬಂದೇ ಬರ್ತವೆ. ಆದರೆ ಈ ಟೀಚರಮ್ಮನ ಹೆಸರನ್ನ ನಮ್ಮ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ನಾನೂ ಹೇಳಿಲ್ಲ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ. ಪುರುಸೊತ್ತು ಮಾಡ್ಕೊಂಡು ಓದಿ.

ಕ್ಲಾರ್ಕ್ ಹುಟ್ಟಿದ್ದು 1898ರಲ್ಲಿ, ಚಾರ್ಲ್ಸ್‌ಟನ್ ಅನ್ನೋ ಊರಲ್ಲಿ. ಅಪ್ಪ ಹುಟ್ಟಿನಿಂದ ಗುಲಾಮ. ಸಣ್ಣ ಹುಡುಗನಾಗಿದ್ದಾಗ ಅವನಿಗೆ ಹಚ್ಚಿದ್ದ ಕೆಲಸ ಏನು ಗೊತ್ತಾ? ಧಣಿಯ ಮಕ್ಕಳನ್ನ ಶಾಲೆಗೆ ಬಿಟ್ಟು, ಮತ್ತೆ ಕರ್ಕೊಂಡು ಬರೋದು. ಅವರ ಪುಸ್ತಕ ಇವನು ಹೊರಬೇಕು, ಒಳಗೆ ಮಾತ್ರ ಹೋಗಂಗಿಲ್ಲ. ಶಾಲೆಯ ಹೊರಗೆ ನಿಲ್ಲೋದು ಅಂದ್ರೆ ಏನು ಅಂತ ನಮ್ಮ ಜನಕ್ಕೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಊರವರ ಬಟ್ಟೆ ಒಗೆದು ಮಕ್ಕಳನ್ನ ಸಾಕಿದಳು. ಇಂಥಾ ಅಪ್ಪ ಅಮ್ಮನ ಮಗಳು ಟೀಚರ್ ಆದಳು.

1916ರಲ್ಲಿ, 18ನೇ ವಯಸ್ಸಿಗೆ, ಕೆಲಸಕ್ಕೆ ಸೇರಿದರು. ಸ್ವಂತ ಊರಲ್ಲಿ ಕೆಲಸ ಸಿಗಲಿಲ್ಲ. ಯಾಕಂದ್ರೆ ಚಾರ್ಲ್ಸ್‌ಟನ್ನಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳಿಗೆ ಪಾಠ ಹೇಳೋಕೂ ಬಿಳಿ ಟೀಚರುಗಳೇ ಬೇಕಾಗಿತ್ತು. ಹಾಗಾಗಿ ಪಕ್ಕದ ಜಾನ್ಸ್ ಐಲ್ಯಾಂಡ್ ಅನ್ನೋ ದ್ವೀಪಕ್ಕೆ ಹೋದರು. ಅಲ್ಲಿ 132 ಮಕ್ಕಳಿಗೆ ಇಬ್ಬರು ಟೀಚರುಗಳು. ಬೋರ್ಡಿಲ್ಲ. ಬಟ್ಟೆ ಇಸ್ತ್ರಿ ಅಂಗಡಿಯಿಂದ ಬರೋ ಕಾಗದದ ಚೀಲಗಳನ್ನ ಬಿಡಿಸಿ, ಅದರ ಮೇಲೆ ಪಾಠ ಬರೆದು ಗೋಡೆಗೆ ಅಂಟಿಸ್ತಿದ್ದರು. ಎದುರಿಗೇ ಬಿಳಿ ಮಕ್ಕಳ ಶಾಲೆ. ಅಲ್ಲಿ ಇದ್ದದ್ದು ಮೂರೇ ಮಕ್ಕಳು. ಇವರ ಸಂಬಳ 35 ಡಾಲರ್, ಆ ಟೀಚರದ್ದು 85 ಡಾಲರ್.

ಈ ಅನ್ಯಾಯವನ್ನ ಅವರು ಸುಮ್ಮನೆ ನುಂಗಿಕೊಳ್ಳಲಿಲ್ಲ. ಚಾರ್ಲ್ಸ್‌ಟನ್ನಿಗೆ ವಾಪಸ್ ಬಂದು, ಮನೆ ಮನೆ ತಿರುಗಿ ಸಹಿ ಸಂಗ್ರಹಿಸೋರ ಜೊತೆ ಸೇರಿದರು. 1920ಕ್ಕೆ ಕಪ್ಪು ಟೀಚರುಗಳಿಗೆ ಊರಿನ ಶಾಲೆಗಳ ಬಾಗಿಲು ತೆರೀತು. ಆಮೇಲೆ ಕೊಲಂಬಿಯಾ ಊರಲ್ಲಿದ್ದಾಗ ಸಮಾನ ಸಂಬಳಕ್ಕಾಗಿ ನಡೆದ ಕೇಸಿಗೆ ದುಡಿದರು. ಆ ಕೇಸಿನ ವಕೀಲರು ಥರ್ಗುಡ್ ಮಾರ್ಷಲ್, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಆದವರು. 1945ರಲ್ಲಿ ಆ ಕೇಸು ಗೆದ್ದಿತು.

ಇದರ ನಡುವೆ ಸಂಸಾರ. 1920ರಲ್ಲಿ ಮದುವೆ. ಮೊದಲ ಕೂಸು ಹುಟ್ಟಿದ ತಿಂಗಳೊಳಗೇ ತೀರಿತು. 1925ರಲ್ಲಿ ಗಂಡ ಕಿಡ್ನಿ ಕಾಯಿಲೆಯಿಂದ ಹೋದರು. ಟೀಚರ್ ಸಂಬಳದಲ್ಲಿ ಮಗನನ್ನ ಜೊತೆಗಿಟ್ಟು ಸಾಕೋಕಾಗದೆ ಅವನನ್ನ ಗಂಡನ ತಂದೆ ತಾಯಿ ಹತ್ತಿರ ಬಿಟ್ಟರು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ತಾಯಿಗೆ ಸ್ವಂತ ಮಗ ದೂರದಲ್ಲಿ ಬೆಳೆದ. ಭಾನುವಾರ ಚರ್ಚು, ವಾರವೆಲ್ಲ ಶಾಲೆ, ಸಂಜೆ ಸಂಘದ ಮೀಟಿಂಗು. ಹೀಗೆ 40 ವರ್ಷ.

ಈಗ 1956ಕ್ಕೆ ಬನ್ನಿ. ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧರಾದ ವರ್ಷ. ನಾವು ಅವರನ್ನ ಕಳಕೊಂಡ ವರ್ಷವೂ ಅದೇ. ಆ ವರ್ಷ ಸೌತ್ ಕ್ಯಾರೊಲಿನಾ ಸರ್ಕಾರ ಒಂದು ಕಾನೂನು ತಂತು. ಎನ್‌ಎಎಸಿಪಿ ಅಂತ ಕಪ್ಪು ಜನರ ಹಕ್ಕಿನ ಸಂಘಟನೆ ಇದೆಯಲ್ಲ, ಅದರ ಸದಸ್ಯರು ಸರ್ಕಾರಿ ನೌಕರಿಯಲ್ಲಿ ಇರೋ ಹಾಗಿಲ್ಲ ಅಂತ. ಟೀಚರುಗಳ ಕೈಗೆ ಫಾರಂ ಬಂತು. ನೀವು ಯಾವ ಯಾವ ಸಂಘಟನೆಯಲ್ಲಿ ಇದ್ದೀರಿ, ಬರೀರಿ.

ಎಷ್ಟೋ ಜನ ಬಿಟ್ಟು ಬರೆದರು. ಅವರನ್ನ ಬೈಯೋಕೆ ಹೋಗಬೇಡಿ, ಹೊಟ್ಟೆಪಾಡು. ಕ್ಲಾರ್ಕ್ ಮಾತ್ರ ಎನ್‌ಎಎಸಿಪಿ ಅಂತ ಬರೆದರು. ಕೆಲಸ ಹೋಯ್ತು. ಆಗ ಅವರಿಗೆ 58 ವರ್ಷ. 40 ವರ್ಷದ ಸೇವೆಯ ಪೆನ್ಷನ್ನೂ ಹೋಯ್ತು.

ಆಗ ಅವರು ಒಂದು ಕೆಲಸ ಮಾಡಿದರು. ರಾಜ್ಯದ 726 ಕಪ್ಪು ಟೀಚರುಗಳಿಗೆ ಕಾಗದ ಬರೆದರು. ಈ ಕಾನೂನು ನಮ್ಮೆಲ್ಲರ ಮೇಲೂ ಬಂದಿದೆ, ಒಟ್ಟಿಗೆ ಪ್ರತಿಭಟಿಸೋಣ ಅಂತ. ಉತ್ತರ ಬರೆದವರು 26 ಜನ. ನಿಮ್ಮ ಜೊತೆ ಅಧಿಕಾರಿ ಹತ್ತಿರ ಬರ್ತೀವಿ ಅಂದವರು 11 ಜನ. ಆ ದಿನ ನಿಜವಾಗಿ ಬಂದು ನಿಂತವರು 5 ಜನ.

ಅವರದ್ದೇ ಮಹಿಳಾ ಸಂಘದವರು ಅವರಿಗೆ ಗೌರವ ಅಂತ ಒಂದು ಕೂಟ ಇಟ್ಟುಕೊಂಡರು. ಆದರೆ ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳೋಕೆ ಒಬ್ಬರೂ ಮುಂದೆ ಬರಲಿಲ್ಲ. ಆ ಫೋಟೋ ಎಲ್ಲಿಗೋ ಹೋದರೆ ನಮ್ಮ ಕೆಲಸ ಹೋದೀತು ಅನ್ನೋ ಹೆದರಿಕೆ.

ಇಲ್ಲಿ ನಾನು ನನ್ನದೊಂದು ವಿಷಯ ಹೇಳಬೇಕು. ಇಲ್ಲಾಂದ್ರೆ ಈ ಪೋಸ್ಟ್ ಬರೆಯೋ ಯೋಗ್ಯತೆ ನನಗಿರಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಬ್ಬ ಶಾಲಾ ಮೇಷ್ಟ್ರಿಗೆ ನೋಟಿಸ್ ಬಂತು. ಒಂದು ಸಭೆಯಲ್ಲಿ ಮಾತಾಡಿದ್ದರು, ಅದಕ್ಕೆ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬೆಂಕಿ ಹೊತ್ತಿಕೊಂಡಿತು. ‘ನಾವಿದ್ದೀವಿ ಸರ್’, ಮುಷ್ಟಿಯ ಚಿತ್ರ, ನೀಲಿ ಹಾರ್ಟು. ವಿಚಾರಣೆ ದಿನ ಆಫೀಸಿನ ಮುಂದೆ ಅವರ ಜೊತೆ ನಿಂತವರು ನಾಲ್ಕು ಜನ. ಆ ನಾಲ್ವರಲ್ಲಿ ನಾನಿರಲಿಲ್ಲ. ಬೇರೆ ಊರಲ್ಲಿ ನನ್ನದೊಂದು ಭಾಷಣ ಇತ್ತು. ವಿಷಯ ಏನು ಗೊತ್ತಾ? ‘ಸಂವಿಧಾನ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ’.

ಆಮೇಲೆ ನಾನು ಏನು ಮಾಡಿದೆ? ಹೋಗದೇ ಇದ್ದ ಬೇರೆಯವರನ್ನೆಲ್ಲ ಬೈದು ಪೋಸ್ಟ್ ಹಾಕಿದೆ. ಮೀಸಲಾತಿ ತಿಂದು ಸಮಾಜ ಮರೆತವರು, ದ್ರೋಹಿಗಳು, ಹಂಗೆ ಹಿಂಗೆ. ಲೈಕು ಚೆನ್ನಾಗಿ ಬಂತು. ಮೇಷ್ಟ್ರಿಗೆ ಏನೂ ಬರಲಿಲ್ಲ.

ಕ್ಲಾರ್ಕ್ ಟೀಚರ್ ಹಂಗೆ ಮಾಡಲಿಲ್ಲ. 726ರಲ್ಲಿ 5 ಜನ ಬಂದಾಗ, ಉಳಿದ 721 ಜನರನ್ನ ಅವರು ದ್ರೋಹಿಗಳು ಅನ್ನಲಿಲ್ಲ. ಅದು ತನ್ನ ಬದುಕಿನ ದೊಡ್ಡ ಸೋಲುಗಳಲ್ಲಿ ಒಂದು ಅಂತ ಮುಂದೆ ಹೇಳಿಕೊಂಡರು. ತಯಾರಿಲ್ಲದ ಜನರನ್ನ ನಾನು ಮುಂದಕ್ಕೆ ತಳ್ಳೋಕೆ ಹೋದೆ, ಮೊದಲು ತಯಾರು ಮಾಡಬೇಕಿತ್ತು ಅನ್ನೋದು ಅವರ ಮಾತಿನ ಸಾರ. ಟೀಚರ್ ಅಲ್ವಾ? ಕ್ಲಾಸಿನಲ್ಲಿ ಎಲ್ಲಾ ಮಕ್ಕಳೂ ಫೇಲಾದರೆ ಒಳ್ಳೇ ಟೀಚರ್ ಮಕ್ಕಳನ್ನ ಹೊಡೆಯಲ್ಲ, ನಾನು ಪಾಠ ಹೇಗೆ ಮಾಡಿದೆ ಅಂತ ನೋಡ್ಕೋತಾರೆ.

ನಾನು ಇವತ್ತು ಹೇಳಬೇಕು ಅಂತಿರೋದು ಇಷ್ಟೇ. ಧೈರ್ಯ ಅನ್ನೋದು ಹುಟ್ಟಿನಿಂದ ಬರೋ ಗುಣ ಅಲ್ಲ. ಕಲಿಸಬೇಕಾದ ಪಾಠ. ಕಲಿಸದೇ ಪರೀಕ್ಷೆ ಇಟ್ಟು, ಫೇಲಾದವರನ್ನ ಬೈಯೋದನ್ನೇ ನಾವು ಹೋರಾಟ ಅಂದ್ಕೊಂಡಿದ್ದೀವಿ.

ಕೆಲಸ ಹೋದ ಮೇಲೆ ಅವರು ಟೆನೆಸಿ ರಾಜ್ಯದ ಹೈಲ್ಯಾಂಡರ್ ಅನ್ನೋ ಜನಶಾಲೆಗೆ ಸೇರಿದರು. ಕಪ್ಪು, ಬಿಳಿ ಜನ ಒಂದೇ ಟೇಬಲಲ್ಲಿ ಉಣ್ಣುತ್ತಿದ್ದ ಜಾಗ ಅದು. 1955ರ ಬೇಸಿಗೆಯಲ್ಲಿ ಅಲ್ಲಿ ಕ್ಲಾರ್ಕ್ ನಡೆಸಿದ ಶಿಬಿರಕ್ಕೆ ಮಾಂಟ್‌ಗೊಮರಿಯಿಂದ ಒಬ್ಬ ಹೆಂಗಸು ಬಂದಿದ್ದರು. ಮೆಲುಮಾತಿನವರು. ಕೆಲವೇ ತಿಂಗಳಲ್ಲಿ, ಡಿಸೆಂಬರ್ 1ರಂದು, ಆಕೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲಿಲ್ಲ. ಅವರೇ ರೋಸಾ ಪಾರ್ಕ್ಸ್. ಕಾಲು ನೋಯ್ತಿತ್ತು, ಅದಕ್ಕೇ ಏಳಲಿಲ್ಲ ಅಂತ ಕಥೆ ಕಟ್ಟಿಬಿಟ್ಟಿದ್ದಾರೆ. ಅಲ್ಲ. ಆಕೆಯ ಹಿಂದೆ ವರ್ಷಗಳ ಸಂಘಟನೆ ಇತ್ತು, ಒಂದು ತರಗತಿ ಇತ್ತು, ಒಬ್ಬ ಟೀಚರ್ ಇದ್ದರು.

ಈಗ ಜಾನ್ಸ್ ಐಲ್ಯಾಂಡಿಗೆ ವಾಪಸ್ ಹೋಗೋಣ, ಆ 132 ಮಕ್ಕಳ ದ್ವೀಪಕ್ಕೆ. ಅಲ್ಲಿ ಈಸಾ ಜೆಂಕಿನ್ಸ್ ಅಂತ ಒಬ್ಬರು ಬಸ್ ಓಡಿಸ್ತಿದ್ದರು. ದ್ವೀಪದ ಕಪ್ಪು ಜನರನ್ನ ಪಟ್ಟಣಕ್ಕೆ ಕೆಲಸಕ್ಕೆ ಕರ್ಕೊಂಡು ಹೋಗೋ ಬಸ್ಸು. ಸೌತ್ ಕ್ಯಾರೊಲಿನಾದಲ್ಲಿ ಮತದಾರರ ಪಟ್ಟಿಗೆ ಹೆಸರು ಹತ್ತಬೇಕು ಅಂದ್ರೆ ರಾಜ್ಯದ ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕಿತ್ತು. ಓದೋಕೆ ಕಲಿಸದ ಸರ್ಕಾರವೇ ಓದು ಅಂತ ಪರೀಕ್ಷೆ ಇಡೋದು! ಜೆಂಕಿನ್ಸ್ ಬಸ್ಸಲ್ಲೇ ಆ ಭಾಗ ಹೇಳಿಕೊಡ್ತಿದ್ದರು. ಆಲಿಸ್ ವೈನ್ ಅನ್ನೋ ಹೆಂಗಸು ಒಂದಕ್ಷರ ಓದೋಕೆ ಬರದೇ ಇದ್ದರೂ ಕೇಳಿ ಕೇಳಿಯೇ ಅದನ್ನ ಬಾಯಿಪಾಠ ಮಾಡಿದರು. ಆದರೆ ಅವರಿಗೆ ಬಾಯಿಪಾಠ ಸಾಕಾಗಲಿಲ್ಲ, ನನಗೆ ನಿಜವಾಗಿ ಓದೋಕೆ ಕಲಿಸಿ ಅಂದರು.

ಜಾಗ ಹುಡುಕಿದರೆ ಶಾಲೆಯವರು ಕೊಡಲಿಲ್ಲ. ಚರ್ಚಿನವರೂ ಹೆದರಿದರು. ಕೊನೆಗೆ ಊರವರು ಸೇರಿ ಒಂದು ಹಳೇ ಕಟ್ಟಡ ಕೊಂಡರು. ಮುಂದೆ ಸಹಕಾರಿ ದಿನಸಿ ಅಂಗಡಿ, ಹಿಂದೆ ತರಗತಿ. ಬಿಳಿಯರ ಕಣ್ಣಿಗೆ ಬರೀ ಅಂಗಡಿ.

ಟೀಚರ್ ಯಾರು? ಕ್ಲಾರ್ಕ್ ಬೇಕಂತಲೇ ತರಬೇತಿ ಆದ ಶಿಕ್ಷಕರನ್ನ ಬಿಟ್ಟರು. ಬರ್ನೀಸ್ ರಾಬಿನ್‌ಸನ್ ಅನ್ನೋ ತಮ್ಮ ಸಂಬಂಧಿಯನ್ನ ಒಪ್ಪಿಸಿದರು. ಆಕೆ ಬ್ಯೂಟಿ ಪಾರ್ಲರ್ ನಡೆಸ್ತಿದ್ದವರು. ಯಾಕೆ ಅವರೇ? ಒಂದು, ಕಲಿಯೋಕೆ ಬರೋ ದೊಡ್ಡವರನ್ನ ದಡ್ಡರು ಅನ್ನೋ ಹಾಗೆ ನೋಡಲ್ಲ. ಇನ್ನೊಂದು, ಅವರ ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ. ಯಾವ ಬಿಳಿ ಧಣಿಯೂ ಅವರ ಅನ್ನ ಕಿತ್ತುಕೊಳ್ಳೋಕಾಗಲ್ಲ. 726 ಕಾಗದದಿಂದ ಟೀಚರಮ್ಮ ಕಲಿತ ಪಾಠ ಇದು. ಜನ ಯಾಕೆ ಹೆದರ್ತಾರೆ ಅಂತ ಬೈಯೋದಲ್ಲ, ಎಲ್ಲಿ ಹೆದರಿಕೆ ಕಮ್ಮಿ ಇದೆಯೋ ಅಲ್ಲಿಂದ ಕೆಲಸ ಶುರು ಮಾಡೋದು.

1957ರ ಜನವರಿಯಲ್ಲಿ 14 ಜನರೊಂದಿಗೆ ಮೊದಲ ಪೌರತ್ವ ಶಾಲೆ ಶುರುವಾಯ್ತು. ಬರ್ನೀಸ್ ಚಿಕ್ಕ ಮಕ್ಕಳ ಪುಸ್ತಕ ತಂದಿದ್ದರು. ಇದು ಈ ಜನಕ್ಕಲ್ಲ ಅಂತ ಗೊತ್ತಾಗಿ ಅದನ್ನ ಬದಿಗಿಟ್ಟು, ನಿಮಗೆ ಏನು ಕಲೀಬೇಕು ಅಂತ ಕೇಳಿದರು. ಹೆಸರು ಬರೀಬೇಕು ಅಂದರು. ಮಕ್ಕಳು ಬರೆದ ಕಾಗದ ಓದಬೇಕು ಅಂದರು. ಬೈಬಲ್ ಓದಬೇಕು, ಮನಿಯಾರ್ಡರ್ ಫಾರಂ ತುಂಬಬೇಕು ಅಂದರು. ಅದೇ ಸಿಲೆಬಸ್ ಆಯ್ತು. ಹೆಸರನ್ನ ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಕೊಡೋದು, ಅದರ ಮೇಲೆಯೇ ಮತ್ತೆ ಮತ್ತೆ ಕೈ ತಿದ್ದಿಸೋದು. ಜೀವಮಾನವೆಲ್ಲ ಹೊಲದಲ್ಲಿ ದುಡಿದು ಗಟ್ಟಿಯಾದ ಬೆರಳುಗಳು ಮೊದಲ ಸಲ ತಮ್ಮ ಹೆಸರಿನ ದಾರಿ ಹಿಡಿದವು. ಹಾಗೆ ಕಲಿತ ಜನ ಹೋಗಿ ಮತದಾರರ ಪಟ್ಟಿಗೆ ಹೆಸರು ಹಚ್ಚಿಸಿದರು. 

ಇದನ್ನ ಸರ್ಕಾರ ಸುಮ್ಮನೆ ಬಿಡ್ತದಾ? 1959ರಲ್ಲಿ ಹೈಲ್ಯಾಂಡರ್ ಮೇಲೆ ಪೊಲೀಸ್ ದಾಳಿ ಆಯ್ತು. ಮದ್ಯ ಇಟ್ಟುಕೊಂಡಿದ್ದಾರೆ ಅಂತ ಕ್ಲಾರ್ಕ್ ಅವರನ್ನ ಹಿಡ್ಕೊಂಡು ಹೋದರು. ಬದುಕಿಡೀ ಕುಡಿಯದ, ಚರ್ಚಿಗೆ ನಡೆದುಕೊಳ್ಳೋ 61 ವರ್ಷದ ಹೆಂಗಸಿನ ಮೇಲೆ ಹೆಂಡದ ಕೇಸು! ಕೇಸು ನಿಲ್ಲಲಿಲ್ಲ. ಆದರೆ ಹೈಲ್ಯಾಂಡರನ್ನ ಮುಚ್ಚಿಸಿದರು. 1961ರಲ್ಲಿ ಈ ಶಾಲೆಗಳ ಕೆಲಸ ಕಿಂಗ್ ಅವರ ಸಂಘಟನೆ ಎಸ್‌ಸಿಎಲ್‌ಸಿ ಕೈಗೆ ಬಂತು, ಜೊತೆಗೇ ಟೀಚರಮ್ಮನೂ ಬಂದರು. ದಕ್ಷಿಣದ ರಾಜ್ಯಗಳಲ್ಲೆಲ್ಲ ಚರ್ಚಿನ ಹಜಾರ, ಪಾರ್ಲರ್, ಅಡುಗೆಮನೆ, ಮರದ ನೆರಳು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಶಾಲೆ. 1957ರಿಂದ 1970ರೊಳಗೆ 897 ಶಾಲೆ ನಡೆದವು ಅಂತ ಅವರೇ ಲೆಕ್ಕ ಹೇಳಿದ್ದಾರೆ. 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂದು ಆ ಓದುವ ಪರೀಕ್ಷೆಯನ್ನ ಎತ್ತಿ ಹಾಕ್ತು. ಬೀದಿಯಲ್ಲಿ ನಡೆದ ಮೆರವಣಿಗೆ ನಮಗೆ ಫೋಟೋದಲ್ಲಿ ಕಾಣ್ತದೆ. ಅದರ ಹಿಂದೆ ಅಂಗಡಿಯ ಹಿಂಬದಿ ಕೋಣೆಯಲ್ಲಿ ರಾತ್ರಿ ಕೂತು ಹೆಸರು ತಿದ್ದಿದವರು ಕಾಣಲ್ಲ.

ಇಲ್ಲಿ ಚರ್ಚಿನ ಬಗ್ಗೆ ಎರಡು ಮಾತು. ನಮ್ಮ ಸಂಗಾತಿಗಳಲ್ಲಿ ಕೆಲವರಿಗೆ ಕೇರಿಯ ಚರ್ಚಿಗೆ ಹೋಗೋ ಹೆಂಗಸರನ್ನ ಕಂಡರೆ ಒಂಥರಾ ತಾತ್ಸಾರ. ಮೂಢರು ಅಂತ. ಕ್ಲಾರ್ಕ್ ಚರ್ಚಿನ ತಪ್ಪನ್ನ ಮುಚ್ಚಿಡಲಿಲ್ಲ. ಹೆದರಿ ಬಾಗಿಲು ಹಾಕಿಕೊಂಡ ಪಾದ್ರಿಗಳನ್ನೂ ಕಂಡರು. ಎಸ್‌ಸಿಎಲ್‌ಸಿಯಲ್ಲಿ ಕೂತಿದ್ದ ಪಾದ್ರಿ ನಾಯಕರು ಹೆಂಗಸರ ಮಾತನ್ನ ಲೆಕ್ಕಕ್ಕೇ ತಗೊಳ್ತಿರಲಿಲ್ಲ. ಈಕೆ ಯಾಕೆ ಕಾರ್ಯಕಾರಿ ಸಮಿತಿಯಲ್ಲಿ ಅಂತ ಅಬರ್ನಾಥಿ ಕೇಳ್ತಿದ್ದರು. ಎಲ್ಲಾ ಮೆರವಣಿಗೆಯನ್ನೂ ನೀವೇ ಮುನ್ನಡೆಸಬೇಡಿ, ಬೇರೆಯವರನ್ನೂ ನಾಯಕರಾಗಿ ಬೆಳೆಸಿ ಅಂತ ಕಿಂಗ್ ಅವರಿಗೆ ಬರೆದ ಕಾಗದವನ್ನ ಮೀಟಿಂಗಿನಲ್ಲಿ ಓದಿ ನಕ್ಕರು. ಹೆಂಗಸರನ್ನ ಹೀಗೆ ಕಂಡದ್ದು ಆ ಚಳವಳಿಯ ದೊಡ್ಡ ದೌರ್ಬಲ್ಯ ಅಂತ ಮುಂದೆ ಅವರು ಬಿಚ್ಚಿ ಹೇಳಿದರು. ಹಂಗಂತ ತನ್ನ ಜನ ಪ್ರಾರ್ಥನೆಗೆ ಸೇರೋ ಜಾಗವನ್ನ ಬಿಟ್ಟು ಹೋಗಲಿಲ್ಲ. ಜನ ಎಲ್ಲಿ ಸೇರ್ತಾರೋ ಪಾಠ ಅಲ್ಲೇ ಅಂದರು. ಕೊನೆಗೆ ಮಣ್ಣಾದದ್ದೂ ಚಾರ್ಲ್ಸ್‌ಟನ್ನಿನ ಓಲ್ಡ್ ಬೆಥೆಲ್ ಮೆಥಡಿಸ್ಟ್ ಚರ್ಚಿನ ನೆಲದಲ್ಲೇ. ನಂಬಿಕೆಯನ್ನ ಹೀಯಾಳಿಸೋದು ಸುಲಭ. ನಂಬಿದ ಜನರ ನಡುವೆ ಕೂತು ಕೆಲಸ ಮಾಡೋದು ಕಷ್ಟ. ಇದು ನಮಗೂ ಸೇರಿಸಿಯೇ ಹೇಳ್ತಿದ್ದೀನಿ. ನಮ್ಮ ವೇದಿಕೆಗಳಲ್ಲಿ ಎಷ್ಟು ಜನ ಅಕ್ಕಂದಿರ ಕೈಗೆ ಮೈಕು ಹೋಗ್ತದೆ? ಊಟ ಬಡಿಸೋಕೆ ಮಾತ್ರ ಅವರು ಬೇಕಾ?

ಪೆನ್ಷನ್ ಏನಾಯ್ತು ಅಂತ ಕೇಳ್ತೀರಿ. 1976ರಲ್ಲಿ ರಾಜ್ಯಪಾಲರ ಆದೇಶದಿಂದ ವಾಪಸ್ ಬಂತು. ಕಿತ್ತುಕೊಂಡು 20 ವರ್ಷ ಆಗಿತ್ತು, ಅವರಿಗೆ 78 ದಾಟುತ್ತಿತ್ತು. ಬಾಕಿ ಹಣಕ್ಕೆ ರಾಜ್ಯದ ಶಾಸನಸಭೆ ಒಪ್ಪಿದ್ದು 1981ರಲ್ಲಿ. ಇನ್ನೊಂದು ಮಜಾ ಕೇಳಿ. ಯಾವ ಊರಿನ ಶಾಲೆಗಳಿಂದ ಅವರನ್ನ ಹೊರಗೆ ಹಾಕಿದ್ದರೋ, ಅದೇ ಚಾರ್ಲ್ಸ್‌ಟನ್ನಿನ ಶಾಲಾ ಮಂಡಳಿಗೆ 1975ರಲ್ಲಿ ಜನ ಅವರನ್ನ ಓಟು ಹಾಕಿ ಗೆಲ್ಲಿಸಿದರು. ಹೆಸರು ಬರೆಯೋಕೆ ಕಲಿಸಿದ ಕೈಗೆ ಜನ ಕೊಟ್ಟ ಪೆನ್ಷನ್ ಅದು.

ಈಗ ನಮ್ಮ ಕಡೆ ಬರೋಣ.

ನಮಗೆ ಓಟಿಗಾಗಿ ಅಕ್ಷರದ ಪರೀಕ್ಷೆ ಇಲ್ಲ. ಅದು ತಾನಾಗೇ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ಓದು ಇದ್ದವರಿಗೆ ಮಾತ್ರ ಓಟಿತ್ತು. ಸೈಮನ್ ಕಮಿಷನ್ ಕಾಲಕ್ಕೇ ಬಾಬಾಸಾಹೇಬರು ವಯಸ್ಸಿಗೆ ಬಂದ ಎಲ್ಲರಿಗೂ ಓಟು ಬೇಕು ಅಂತ ವಾದಿಸಿದ್ದರು. ಸಂವಿಧಾನದ 326ನೇ ವಿಧಿಯಿಂದ ನಮ್ಮ ಹೆಬ್ಬೆಟ್ಟಿನ ಅವ್ವಂದಿರೂ 1951-52ರ ಮೊದಲ ಚುನಾವಣೆಯಲ್ಲೇ ಓಟು ಹಾಕಿದರು. ಆಲಿಸ್ ವೈನ್ ಸಂವಿಧಾನ ಬಾಯಿಪಾಠ ಮಾಡಬೇಕಾಗಿ ಬಂತು, ನಮ್ಮಜ್ಜಿ ಯಾವ ಪರೀಕ್ಷೆಯೂ ಇಲ್ಲದೆ ಓಟು ಹಾಕಿದಳು. ಈ ಸಾಲ ನಾವು ಮರೆಯಂಗಿಲ್ಲ.

ಆದರೆ ಪರೀಕ್ಷೆ ಬೇರೆ ವೇಷದಲ್ಲಿ ಬಂದಿದೆ. ಜಾತಿ ಪ್ರಮಾಣಪತ್ರದ ಅರ್ಜಿ, ಪಹಣಿಯಲ್ಲಿ ಹೆಸರು ತಿದ್ದುಪಡಿ, ಜಾಬ್ ಕಾರ್ಡು, ಆಧಾರಲ್ಲಿ ಒಂದು ಅಕ್ಷರ ತಪ್ಪಿದರೆ ನಿಂತುಹೋಗೋ ವಿದ್ಯಾರ್ಥಿವೇತನ. ದೌರ್ಜನ್ಯ ಆದಾಗ ಠಾಣೆಯಲ್ಲಿ ಬರೆದದ್ದೇನು ಅಂತ ಓದಿ ನೋಡದೇ ಹಾಕೋ ಸಹಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಇದೆ, ಕೇರಿಯಲ್ಲಿ ಎಷ್ಟು ಜನಕ್ಕೆ ಗೊತ್ತು? 2025ರಲ್ಲಿ ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆಯಲ್ಲಿ ಬಡವರು ಫಾರಂ ಹಿಡ್ಕೊಂಡು ಅಲೆದದ್ದನ್ನ ಎಲ್ಲರೂ ನೋಡಿದ್ದೀವಿ. ಕಾಗದವೇ ಈಗಿನ ಬಾಗಿಲು. ಓದೋಕೆ ಬಂದವನು ಒಳಗೆ, ಬರದವನು ಹೊರಗೆ.

ನಮ್ಮ ಚಳವಳಿಯನ್ನೂ ಕಟ್ಟಿದವರು ಮೇಷ್ಟ್ರುಗಳೇ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯ ಕಾಲೇಜಲ್ಲಿ ಕನ್ನಡ ಪಾಠ ಹೇಳ್ತಿದ್ದವರು. ಅಕ್ಷರದವ್ವ ಸಾವಿತ್ರಿಬಾಯಿ ಅಂತ ಜನವರಿ 3ಕ್ಕೆ ಕೂಗ್ತೀವಿ. ಆದರೆ ಇವತ್ತು ನಮ್ಮ ಕೇರಿಯಲ್ಲಿ ಸಂಜೆ ದೀಪ ಹಚ್ಚಿ ಪಾಠ ಹೇಳೋರು ಯಾರು? ಅಂಬೇಡ್ಕರ್ ಭವನಗಳಿವೆ, ಎಷ್ಟೋ ಕಡೆ ವರ್ಷದಲ್ಲಿ ಎರಡು ದಿನ ಬೀಗ ತೆಗೀತಾರೆ, ಏಪ್ರಿಲ್ 14, ಡಿಸೆಂಬರ್ 6. ಉಳಿದ ದಿನ ಮದುವೆಗೆ ಬಾಡಿಗೆ.

ನನ್ನದು ಎರಡೇ ಕೋರಿಕೆ.

ಒಂದು, ವಾರಕ್ಕೆ ಎರಡು ಸಂಜೆ. ಭವನ ಇದ್ದರೆ ಭವನ, ಚರ್ಚಿದ್ದರೆ ಚರ್ಚು, ಇಲ್ಲಾಂದ್ರೆ ಯಾರದಾದರೂ ಜಗುಲಿ. ಬಿ.ಎಡ್ ಆಗಿರಬೇಕಿಲ್ಲ. ಬ್ಯೂಟಿ ಪಾರ್ಲರ್ ಅಕ್ಕ ಆಗಬಹುದು, ಆಟೋ ಓಡಿಸೋ ತಮ್ಮ ಆಗಬಹುದು. ನಿಮಗೆ ಏನು ಕಲೀಬೇಕು ಅಂತ ಮೊದಲು ಕೇಳಿ. ಅವರು ಹೇಳಿದ್ದನ್ನೇ ಕಲಿಸಿ. ಸಂವಿಧಾನದ ಪೀಠಿಕೆ ಆಮೇಲೆ ತಾನೇ ಬರ್ತದೆ.

ಎರಡು, ಮುಂದಿನ ಸಲ ನಮ್ಮ ಯಾರಾದರೂ ಟೀಚರಿಗೆ ನೋಟಿಸ್ ಬಂದಾಗ ಕಮೆಂಟು ಹಾಕಬೇಡಿ. ಬಸ್ ಹತ್ತಿ. ಬರೋಕಾಗದವರನ್ನ ಬೈಯಬೇಡಿ, ಅವರ ಮನೆ ಅಕ್ಕಿ ಬೇಯೋದು ಆ ಸಂಬಳದಲ್ಲೇ. ಬರೋಕೆ ಆಗುವವರು, ಅಂದ್ರೆ ಸಂಬಳದ ಹಂಗಿಲ್ಲದ ನನ್ನಂಥವರು, ಮೊದಲು ಹೋಗಿ ನಿಲ್ಲಬೇಕು. ಐದು ಜನ ನಿಂತರೆ ಆರನೆಯವರಿಗೆ ಸ್ವಲ್ಪ ಹೆದರಿಕೆ ಕಮ್ಮಿ ಆಗ್ತದೆ. ಧೈರ್ಯದ ಪಾಠ ಶುರುವಾಗೋದು ಅಲ್ಲಿಂದ.

ಆ ಮೇಷ್ಟ್ರು ಈ ಪೋಸ್ಟ್ ಓದ್ತಾರೆ ಅಂತ ನನಗೆ ಗೊತ್ತು. ಸರ್, ಅವತ್ತು ನಾನು ಬರಲಿಲ್ಲ. ತಪ್ಪಾಯ್ತು. ನಿಮ್ಮೂರ ಭವನದ ಬೀಗದ ಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿಡಿ. ಭಾನುವಾರ ಬರ್ತೀನಿ. ಭಾಷಣಕ್ಕಲ್ಲ, ರಟ್ಟು, ಮಾರ್ಕರ್ ಪೆನ್ನು ತಗೊಂಡು ಬರ್ತೀನಿ.

ಸೆಪ್ಟಿಮಾ ಕ್ಲಾರ್ಕ್ ಟೀಚರಿಗೆ ಶರಣು. ಜೈಭೀಮ್.